ಮುಚ್ಚಿದ ಗಣಿಯಿಂದ ಮೂರು ಬಡಿತ

ನಗಬೇಡಿ, ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ಪಕ್ಕದ ಮನೆಯ ಲಾಯರ್ ಫರ್ಗಸ್ ಟ್ರೇನರ್‌ಗೆ ಆದದ್ದು. ಇದೇ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಬೆಟ್ಟದಲ್ಲಿ, ನಮ್ಮ ಗಣಿ ಊರಿನಲ್ಲೇ.

ಆ ರಾತ್ರಿ ಟ್ರೇನರ್ ಕಂಪನಿ ವಕೀಲನ ಮನೆಯಲ್ಲಿ ಉಂಡು ಒಬ್ಬನೇ ನಡೆದು ಬರುತ್ತಿದ್ದ. ಮೀಸೆಗೆ ಕುರಿಕೊಬ್ಬಿನ ವಾಸನೆ. ಒರೆಸಿದ... ಹೋಗಲಿಲ್ಲ. ಮತ್ತೆ ಒರೆಸಿದ. ತನ್ನ ಮೇಲೆ ತನಗೇ ಹೇಸಿಗೆ ಹುಟ್ಟಿತ್ತು ಅವನಿಗೆ.

ಯಾಕೆಂದರೆ, ಆ ಊಟದ ಮೇಜಿನಲ್ಲಿ ಅವನೊಂದು ಮಾತಿಗೆ ತಲೆಯಾಡಿಸಿ ಬಂದಿದ್ದ. ಅವನ ಕಕ್ಷಿದಾರ ಮ್ಯಾನಸ್ ಹೆರಟಿ, ಕಾರ್ಮಿಕ ಸಂಘದ ಮುಂದಾಳು. ನಾಳೆ ಕೋರ್ಟಿನಲ್ಲಿ ಅವನು ‘ನಾನು ಹೇಳಿದ್ದು ಸುಳ್ಳು’ ಅನ್ನಬೇಕು. ಹಾಗಂದರೆ ಐದು ವರ್ಷ ಜೈಲು, ಇಲ್ಲವಾದರೆ ಇಪ್ಪತ್ತು. ಮ್ಯಾನಸ್ ಕೆಮ್ಮಿದರೆ ಕಪ್ಪು ಕಫ ಬೀಳುತ್ತಿತ್ತು. ಇಪ್ಪತ್ತು ವರ್ಷ ಅಂದರೆ ಅವನು ಹೆಣವಾಗಿಯೇ ಹೊರಗೆ ಬರುವುದು.

ಯಾವ ಸುಳ್ಳು ಅಂತೀರಾ? ಮಾರ್ಚ್‌ನಲ್ಲಿ ಗಣಿಗೆ ಬೆಂಕಿ ಬಿತ್ತು. ಗಾಳಿ ಸಿಗದೆ ಬೆಂಕಿ ಆರಲಿ, ಕಲ್ಲಿದ್ದಲು ಉಳಿಯಲಿ ಅಂತ ಕಂಪನಿ ಸುರಂಗದ ಬಾಯಿಗೆ ಗೋಡೆ ಕಟ್ಟಿಸಿತು. ಒಳಗೆ ಏಳು ಜನ. ಆಗಲೇ ಎಲ್ಲರೂ ಸತ್ತಿದ್ದರು ಅಂದಿತು ಕಂಪನಿ. ಇಲ್ಲ, ಒಳಗಿಂದ ಬಡಿಯುತ್ತಿದ್ದರು, ನಾನೇ ಕೇಳಿದೆ ಅಂದ ಮ್ಯಾನಸ್. ಆ ಗೋಡೆ ಒಡೆಯಲು ಡೈನಮೈಟ್ ಇಡುವಾಗ ಸಿಕ್ಕಿಬಿದ್ದ. ಪತ್ರಿಕೆಗಳು ಅವನನ್ನೇ ಕೊಲೆಗಡುಕ, ಕ್ರಾಂತಿಕೋರ ಅಂತ ಬರೆದವು. ಥೂ, ಅವರ ಬಾಯಿಗಿಷ್ಟು ಮಣ್ಣು!

ಕೂಲಿ ಮನೆಗಳ ಸಾಲು ಮುಗಿಯುವಲ್ಲಿ ಬಾವಿ. ಉಪ್ಪಿನ ಮಾಂಸ ತಿಂದವನಿಗೆ ಬಾಯಾರಿತ್ತು. ಹಗ್ಗ ಎಳೆದ. ರಾಟೆ ಕಿರ್ರ್... ಅಂದಿತು.

“ಕುಡೀಬೇಡಿ ಲಾಯ್ರೇ.”

ಕತ್ತಲಲ್ಲಿ ಕಟ್ಟೆಯ ಆಚೆ ನೋರಾ ಕೂತಿದ್ದಳು. ಮ್ಯಾನಸ್‌ನ ತಂಗಿ. ಅವಳ ಗಂಡ ಆ ಏಳು ಜನರಲ್ಲೊಬ್ಬ.

“ಯಾಕಮ್ಮಾ?”

“ಗೋಡೆ ಕಟ್ಟಿದ್ಮೇಲೆ ನೀರು ನಾರ್ತಾ ಇದೆ. ಕಂಪನಿಯೋರ್ನ ಕೇಳಿದ್ರೆ ಇಲಿ ಸತ್ತಿರ್ಬೇಕು ಅಂದ್ರು.”

“ಇರ್ಬೋದು...”

“ಹೂಂ. ಏಳು ಇಲಿ.”

ಬೊಗಸೆಯ ನೀರಿನ ಮೇಲೆ ಜಿಡ್ಡು ತೇಲುತ್ತಿತ್ತು. ಟ್ರೇನರ್ ಬಗ್ಗಿ, ಉಂಡದ್ದನ್ನೆಲ್ಲ ಕಟ್ಟೆಯ ಪಕ್ಕ ಕಾರಿಕೊಂಡ. ಬಾಯಿ ಒರೆಸುತ್ತ ತಲೆ ಎತ್ತಿದ... ಆಗ ಕೇಳಿಸಿತು.

ಟಕ್... ಟಕ್... ಟಕ್.

ಬಾವಿಯ ಆಳದಿಂದ. ಕಬ್ಬಿಣ ಬಂಡೆಗೆ ತಾಗುವ ಸದ್ದು. ಕೊನೆಯದು ಕೊಂಚ ಮೆತ್ತಗೆ, ಕೈ ಸೋತವರ ಹಾಗೆ.

ಗಣಿಯವರಲ್ಲಿ ಒಂದು ಕಟ್ಟುಪಾಡು ಇದೆ. ಬಂಡೆಯ ಆಚೆಯಿಂದ ಮೂರು ಬಡಿತ ಕೇಳಿದವನು ಮೂರು ಬಡಿದು ಉತ್ತರ ಕೊಡಬೇಕು. ಉತ್ತರ ಕೊಟ್ಟವನು ಅಗೆಯಲೇಬೇಕು, ಅವರನ್ನು ತೆಗೆಯುವ ತನಕ ಮನೆಗೆ ಹೋಗುವಂತಿಲ್ಲ. ಟ್ರೇನರ್ ಲಾಯರ್ ಕೋಟು ಹಾಕುವ ಮೊದಲು ಅಪ್ಪನ ಜೊತೆ ಗಣಿಗೆ ಇಳಿದವನೇ. ಅವನ ಕೈ ಅವನನ್ನು ಕೇಳಲಿಲ್ಲ. ಕಲ್ಲೊಂದನ್ನು ಎತ್ತಿ ಕಟ್ಟೆಗೆ ಮೂರು ಸಲ ಕುಟ್ಟಿಬಿಟ್ಟಿತ್ತು.

“ಉತ್ತರ ಕೊಟ್ಬಿಟ್ರಲ್ಲ...” ನೋರಾ ಪಿಸುಗುಟ್ಟಿದಳು.

“ಕೊಟ್ಟೆ.”

“ಇನ್ನು ಅಗೀಬೇಕು. ಗೊತ್ತಲ್ಲ?”

ಲಾಯರಿಗೆ ಅಗೆಯುವ ಜಾಗ ಅಂದರೆ ಕೋರ್ಟು. ಬೆಳಿಗ್ಗೆ ಟ್ರೇನರ್ ಕಂಪನಿಗೆ ಕೊಟ್ಟ ಮಾತು ಮುರಿದ. ಗಣಿಯ ಸೂಪರಿಂಟೆಂಡೆಂಟ್ ಇವಾನ್ ಪ್ರಾಥರೋನನ್ನು ಸಾಕ್ಷಿಕಟ್ಟೆಗೆ ಕರೆಸಿದ. ಗೋಡೆ ಕಟ್ಟಿಸಿದವನು ಅವನೇ. ಒಂದು ಕಾಲಕ್ಕೆ ಗುದ್ದಲಿ ಹಿಡಿದವನು, ಈಗ ಬೆರಳಿಗೆ ದಪ್ಪ ಉಂಗುರ. ಜ್ಯೂರಿಯಲ್ಲಿದ್ದವರು ಆಚೆ ಕಣಿವೆಯ ರೈತರು, ಗಣಿಯ ಬಾಯಿಯನ್ನೂ ನೋಡದವರು. ಹೊಗೆಸೊಪ್ಪು ಜಗಿದು ಪೀಕದಾನಿಗೆ ಪಿಚಕ್ ಪಿಚಕ್ ಅಂತ ಉಗಿಯುತ್ತ ಕೂತಿದ್ದರು.

“ಗೋಡೆ ಕಟ್ಟುವಾಗ ಒಳಗಿಂದ ಸದ್ದು ಬಂತಾ?”

“ಇಲ್ಲ.”

“ಬಂದಿದ್ರೆ?”

“ಉತ್ತರ ಕೊಡ್ತಿದ್ದೆ. ನಾನೂ ಗಣೀಲೇ ಬೆಳೆದೋನು ಕಣಯ್ಯಾ!”

ಟಕ್... ಟಕ್... ಟಕ್. ಕೋರ್ಟಿನ ನೆಲದ ಅಡಿಯಿಂದ.

“ಹಬೆ ಕೊಳವೆ ಸದ್ದು, ಮುಂದುವರಿಸಿ,” ಅಂದರು ಜಡ್ಜ್. ಚಳಿಗಾಲಕ್ಕೆ ಕೋಣೆ ಬೆಚ್ಚಗಿಡುವ ಕೊಳವೆ ಅದು, ಆಗ ಜುಲೈ ತಿಂಗಳು. ಹಬೆ ಎಲ್ಲಿಂದ ಬರಬೇಕು?

ಆಗ ಪ್ರಾಥರೋನ ಉಂಗುರದ ಕೈ ಮೇಲೆದ್ದಿತು. ಮರದ ಕಟಕಟೆಗೆ ಬಡಿಯಿತು. ಟಿಕ್... ಟಿಕ್... ಟಿಕ್.

ಹಿಂದೆ ಕೂತಿದ್ದ ಗಣಿಯವರೆಲ್ಲ ಟೋಪಿ ತೆಗೆದು ಎದ್ದು ನಿಂತರು.

“ಯಾರಿಗೆ ಉತ್ತರ ಕೊಟ್ರಿ?” ಟ್ರೇನರ್ ಮೆಲ್ಲಗೆ ಕೇಳಿದ.

ಪ್ರಾಥರೋ ತನ್ನ ಕೈಯನ್ನೇ ನೋಡುತ್ತಿದ್ದ.

“ಮಾರ್ಚ್‌ನಲ್ಲಿ ಯಾಕೆ ಕೊಡ್ಲಿಲ್ಲ?”

“ಕೊಟ್ಟಿದ್ರೆ... ಅಗೀಬೇಕಿತ್ತಲ್ಲ.”

ಇಷ್ಟೇ ಅಂದ. ಇಂಥವನ ಕೈಕುಲುಕಿದವರು ನಮ್ಮೂರಲ್ಲಿ ಎಷ್ಟು ಜನ! ನೆನೆದರೆ ಈಗಲೂ ನನಗೆ ಮೈಯೆಲ್ಲ ಅಸಹ್ಯವಾಗುತ್ತದೆ.

ಗಣಿಯವರು ಕೋರ್ಟಿನಿಂದ ನೇರ ಗೋಡೆಗೆ ನಡೆದರು. ಸೂಪರಿಂಟೆಂಡೆಂಟನೇ ಉತ್ತರ ಕೊಟ್ಟ ಮೇಲೆ ತಡೆಯುವವರಾರು? ಕಾವಲಿನವರು ಬಂದೂಕು ಇಳಿಸಿ ಪಕ್ಕಕ್ಕೆ ಸರಿದರು. ಸಂಜೆಗೆ ಗೋಡೆ ಬಿತ್ತು. ಅದರ ಹಿಂದೆಯೇ ಏಳೂ ಜನ, ಒಬ್ಬರಿಗೊಬ್ಬರು ಒರಗಿ. ಗೋಡೆಯ ಒಳಮೈ ತುಂಬ ಬಡಿದು ಬಡಿದು ಬಿದ್ದ ಗುಳಿಗಳು.

ಜ್ಯೂರಿ ಏನು ಮಾಡಿತು ಗೊತ್ತೇ? ಗೋಡೆ ಕಂಪನಿಯ ಆಸ್ತಿ, ಒಡೆಯಹೋದದ್ದು ತಪ್ಪೇ ಅಂದಿತು. ಮ್ಯಾನಸ್‌ಗೆ ಐದು ವರ್ಷ ಕೊಟ್ಟರು ಜಡ್ಜ್. ಆದರೂ ಅವನನ್ನು ಸುಳ್ಳುಗಾರ ಅನ್ನುವ ಬಾಯಿ ಆಮೇಲೆ ಯಾವುದೂ ಇರಲಿಲ್ಲ. ಪ್ರಾಥರೋನನ್ನು ಕಂಪನಿ ಬೇರೆ ಗಣಿಗೆ ಕಳಿಸಿತು, ಅದೇ ಕೆಲಸಕ್ಕೆ.

ಇರಲಿ. ಆ ಸಂಜೆ ನೋರಾಳ ಗಂಡನ ಮುಷ್ಟಿಯಲ್ಲಿ ಒಂದು ಸುತ್ತಿಗೆ ಇತ್ತು. ಅವಳೇ ಬಿಡಿಸಿ ಟ್ರೇನರ್‌ನ ಕೈಗೆ ಕೊಟ್ಟಳು. ನಾಲ್ಕು ತಿಂಗಳ ತೇವಕ್ಕೆ ದೀಪ, ಬುತ್ತಿಡಬ್ಬಿ, ಅಂಗಿಯ ಗುಂಡಿ ಎಲ್ಲಕ್ಕೂ ತುಕ್ಕು ಹಿಡಿದಿತ್ತು. ಸುತ್ತಿಗೆಯ ಮುಖಕ್ಕೆ ಮಾತ್ರ ಹಿಡಿದಿರಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಬೇಕಾದರೆ ನಂಬಿ, ಬೇಡವಾದರೆ ಬಿಡಿ... ಇದೇ ಕೈಯಿಂದ ಮುಟ್ಟಿ ನೋಡಿದ್ದೇನೆ. ಇನ್ನೂ ಬೆಚ್ಚಗಿತ್ತು.