ವೇದಿಕೆಗೆ ಕರೆಯುವ ಹೆಸರು

೧೯೨೬ರ ಫೆಬ್ರವರಿ. ನಮ್ಮ ಕಪ್ಪು ಜನರ ಚರಿತ್ರೆಗೆಂದು ಮೊಟ್ಟಮೊದಲ ಸಲ ಒಂದು ವಾರ ಮೀಸಲಾಗಿತ್ತು. ಜಾರ್ಜಿಯಾದ ನಮ್ಮ ಊರಲ್ಲಿ ಟ್ರಾಮಿಗೆ ಕಾಯುತ್ತಿದ್ದೆ. ನನ್ನ ಮುಂದೆ ನಮ್ಮ ಶಾಲೆಯ ಟೀಚರು ಐಡೆಲ್ಲಾ, ಅವಳ ಪಕ್ಕದಲ್ಲಿ ಗುಲಾಮಗಿರಿ ಕಂಡ ಲುವೀನಿಯಜ್ಜಿ.

"ಅಜ್ಜಿ, ನಾಳೆ ಶಾಲೇಲಿ ನಿಮ್ಮವ್ವನ್ನ ಮಾರಿದ ಕಥೆ ಹೇಳಿ. ಮಾರಿದವನ ಹೆಸರು ಮಾತ್ರ ಬೇಡ," ಅಂದಳು ಐಡೆಲ್ಲಾ.

"ಯಾಕೆ ಮಗಾ, ಸತ್ತವನಿಗೂ ಮರ್ಯಾದೆನಾ?"

"ಆ ಬಿಳಿಯನ ಮೊಮ್ಮಗ ಮುಂದಿನ ಸಾಲಲ್ಲೇ ಕೂತಿರ್ತಾನೆ. ಶಾಲೆ ನಡೆಯೋದು ಅವನ ಕೈಲಿದೆ. ಟಾಲಿವರ್ ಅನ್ನೋ ತನ್ನ ಮನೆತನದ ಹೆಸರು ಕಿವಿಗೆ ಬಿದ್ರೆ ಬೀಗ ಜಡಿಸ್ತಾನೆ."

"ಸರಿ, ನಾನು ಅನ್ನಲ್ಲ ಬಿಡು."

"ಆಣೆ?"

"ಆಣೆ. ಆದ್ರೆ ನನ್ನನ್ನ ವೇದಿಕೆಗೆ ಏನಂತ ಕೂಗ್ತಿ? ಬಿಡುಗಡೆಯಾದಾಗ ನಮಗೆ ಅಂಟಿದ್ದೂ ಅದೇ ಧಣಿ ಮನೆತನದ ಹೆಸರು."

ಐಡೆಲ್ಲಾ ಟ್ರಾಮು ಬರುವ ದಿಕ್ಕಿಗೆ ತಿರುಗಿದಳು.

"ಬರೀ ಲುವೀನಿಯಾ ಅಂದ್ರಾಯ್ತು."

"ಆ ಮೊಮ್ಮಗನೂ ಹಂಗೇ ಕೂಗೋದು, ನನ್ನ ಅರ್ಧ ವಯಸ್ಸಿನೋನು. ಬಿಳಿಯರ ಬಾಯಲ್ಲಿ ಒಂದು ದಿನಾನೂ ಮಿಸೆಸ್ ಅಂತ ಮನೆತನದ ಹೆಸರು ಸೇರಿಸಿ ಮರ್ಯಾದೆಯಾಗಿ ಕರೆದದ್ದು ಕೇಳಿಲ್ಲ. ಮಕ್ಕಳ ಮುಂದೆ ನೀನೂ ಹಂಗೇ ಕೂಗ್ತೀಯಾ?"

ಅವರ ಟ್ರಾಮ್ ಬಂತು. ಐಡೆಲ್ಲಾ ಅಜ್ಜಿಯ ತೋಳು ಹಿಡಿದು ನಮ್ಮವರಿಗೆಂದು ಬಿಟ್ಟಿದ್ದ ಹಿಂದಿನ ಬೆಂಚಿಗೆ ಕರೆದೊಯ್ದಳು. ಕಿಟಕಿಯೊಳಗೆ ಐಡೆಲ್ಲಾಳ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು. ಮಿಸೆಸ್ ಅಂದದ್ದು ನನಗೆ ಗೊತ್ತಾಯಿತು. ಅದರ ಮುಂದಿನ ಹೆಸರನ್ನು ಅನ್ನುವ ಮೊದಲೇ ಟ್ರಾಮ್ ಹೊರಟಿತು.