ಗೇಟಿಗೆ ಬೇಡವಾದ ಬೀಟ್ ಪುಸ್ತಕ

ಒಂದು ಬಡಾವಣೆ. ಅಲ್ಲೊಬ್ಬ ಶ್ರೀಮಂತ. ಬೀದಿಗೆಲ್ಲ ದೊಡ್ಡ ಗೇಟು ಅವನದು. ಬೀಟಿಗೆ ಬರುವ ಪೊಲೀಸ್ ಹಾಲೇಶಪ್ಪ ಒಂದು ದಿನ ಕೇಳಿದ: "ಸಾಹುಕಾರ್ರೇ, ನಾನು ದಿನಾ ಬಂದು ಸಹಿ ಹಾಕೋ ಪುಸ್ತಕದ ಡಬ್ಬಿ ನಿಮ್ಮ ಗೇಟಿಗೆ ಕಟ್ಲಾ?"

"ಪೊಲೀಸ್ರು ದಿನಾ ಮನೆ ಮುಂದೆ ನಿಂತ್ರೆ ನೋಡಿದೋರು ಏನಂತಾರಪ್ಪ? ಮಗಳಿಗೆ ಸಂಬಂಧ ನೋಡ್ತಿದೀವಿ. ಬೇರೆ ಕಡೆ ಕಟ್ಕೋ."

ಸಭೆಯಲ್ಲಿ ಕೂತವರೇ, ನಗಬೇಡಿ. ನೀವೂ ಅದನ್ನೇ ಹೇಳುತ್ತೀರಿ.

ಡಬ್ಬಿ ಎದುರಿನ ಇಸ್ತ್ರಿ ಅಂಗಡಿಯ ಗೋಡೆಗೆ ಹೋಯಿತು. ಇಸ್ತ್ರಿ ಮಾಡುವ ಹೆಂಗಸು ಹಾಲೇಶಪ್ಪನಿಗೆ ದಿನಾ ನೀರು ಕೊಟ್ಟಳು, ಹೊಟ್ಟೆ ಬಂದಿದೆಯೆಂದು ಹಂಗಿಸಿದಳು. ಅವನು ಬೀದಿಯ ಸುದ್ದಿ ಕೇಳಿಕೊಂಡು ಹೋದ. ಅಷ್ಟೇ. ಹೀಗೆ ಎರಡು ವರ್ಷ.

ಒಂದು ಮಧ್ಯಾಹ್ನ ಶ್ರೀಮಂತನ ಹೆಂಡತಿ ಗೇಟಿನ ಹೊರಗೆ ಸೊಪ್ಪು ಕೊಳ್ಳುತ್ತಿದ್ದಳು. ಬೈಕಿನಲ್ಲಿ ಇಬ್ಬರು ಬಂದರು. ಖಾಕಿ ಪ್ಯಾಂಟು, ಸಣ್ಣಗೆ ಕತ್ತರಿಸಿದ ಕೂದಲು.

"ಅಮ್ಮಾ, ನಾವು ಪೊಲೀಸ್ರು. ಹಿಂದಿನ ಬೀದೀಲಿ ಈಗಷ್ಟೇ ಸರ ಕಿತ್ಕೊಂಡು ಹೋದ್ರು. ಮಾಂಗಲ್ಯ ಬಿಚ್ಚಿ ಕೊಡಿ, ಕಾಗದದಲ್ಲಿ ಕಟ್ಟಿಕೊಡ್ತೀವಿ, ಜೋಪಾನವಾಗಿ ಒಳಗಿಟ್ಕೊಳ್ಳಿ."

ಆಕೆಯ ಕೈ ಕೊರಳಿಗೆ ಹೋಯಿತು. ಯಾಕೆ ಹೋಗುವುದಿಲ್ಲ? ತನ್ನ ಬೀದಿಯ ಪೊಲೀಸಿನವನ ಮುಖವನ್ನು ಆಕೆ ಒಂದು ದಿನವೂ ನೋಡಿರಲಿಲ್ಲ. ಖಾಕಿ ಹಾಕಿದವನೆಲ್ಲ ಆಕೆಗೆ ಪೊಲೀಸೇ.

ಎದುರಿನಿಂದ ಇಸ್ತ್ರಿಯವಳು ಕೂಗಿದಳು: "ಅಕ್ಕಾ, ಬಿಚ್ಚಬ್ಯಾಡ್ರೀ! ನಮ್ ಬೀಟಿನೋರು ಹಾಲೇಶಣ್ಣ. ಇವರ್ಯಾರೋ! ಏ, ಇರ್ರೋ, ಫೋನ್ ಹಚ್ತೀನಿ, ಅವರ್ನೇ ಕೇಳಾಣ!"

ಫೋನು ಕಿವಿಗೆ ಹೋಗುವ ಮೊದಲೇ ಬೈಕು ತಿರುವು ದಾಟಿತ್ತು. ಮಾಂಗಲ್ಯ ಕೊರಳಲ್ಲೇ ಉಳಿಯಿತು.

ಸಂಜೆ ಶ್ರೀಮಂತ ಹಣ್ಣು, ಸೀರೆ ಹಿಡಿದು ಇಸ್ತ್ರಿ ಅಂಗಡಿಗೆ ಬಂದ. "ನಿನ್ನ ಉಪಕಾರ ಮರೆಯಲ್ಲವ್ವ."

"ಹಣ್ಣು ಇಟ್ಟು ಹೋಗ್ರಿ. ಸೀರೆ ಬ್ಯಾಡ, ಇಸ್ತ್ರಿ ಮಾಡೋಕೇ ಬೇಕಾದಷ್ಟೈತಿ. ಆ ಹಾಲೇಶಣ್ಣ ಎರಡು ವರ್ಷದಿಂದ ಬಿಸಿಲಾಗೆ ತಿರುಗ್ತಾನೆ. ಅವನಿಗೊಂದು ಮಾತು ಹೇಳ್ರಿ."

ಮರುದಿನ ಶ್ರೀಮಂತ ಗೇಟು ದಾಟಿ ಬಂದು ಹಾಲೇಶಪ್ಪನಿಗೆ ಕೈ ಮುಗಿದ. ಹಾಲೇಶಪ್ಪ ಗಡಿಬಿಡಿಯಲ್ಲಿ ಸೆಲ್ಯೂಟ್ ಹೊಡೆದುಬಿಟ್ಟ. ಯಾರಾದರೂ ಕೈ ಮುಗಿಯುವುದು ಅವನಿಗೆ ಅಭ್ಯಾಸವಿರಲಿಲ್ಲ ನೋಡಿ.

ಈಗ ನೀವು ಹೇಳಿ. ನಿಮ್ಮ ಬೀದಿಯ ಪೊಲೀಸಿನವರ ಹೆಸರೇನು? ಗೊತ್ತಿದ್ದವರು ಕೈ ಎತ್ತಿ. ನಾಲ್ಕು ಕೈ. ಇಷ್ಟು ಜನರಲ್ಲಿ ನಾಲ್ಕು!

ನೀವು ಮನೆಗೆ ಬೀಗ ಹಾಕಿ ಇಲ್ಲಿ ನೆಮ್ಮದಿಯಾಗಿ ಕೂತಿದ್ದೀರಿ. ಆ ನೆಮ್ಮದಿಗಾಗಿ ದೇವರನ್ನು ನೆನೆಯುತ್ತೀರಿ, ಒಳ್ಳೆಯದು. ಆದರೆ ನಿಮ್ಮ ಬೀದಿಯಲ್ಲಿ ಈಗ ಒಬ್ಬರು ನಡೆಯುತ್ತಿದ್ದಾರಲ್ಲ, ಅವರನ್ನು? ನಾಳೆ ಅವರು ಬಂದಾಗ ಹೊರಗೆ ಬನ್ನಿ. ನೀರು ಕೊಡಿ. ಹೆಸರು ಕೇಳಿ, ನಂಬರು ಬರೆದುಕೊಳ್ಳಿ. ಪರ ಊರಿಗೆ ಹೊರಟರೆ ಅವರಿಗೂ ಎದುರು ಮನೆಗೂ ಹೇಳಿ ಹೊರಡಿ.

ಕೈ ಎತ್ತಿದ ನಾಲ್ವರೇ, ಪಕ್ಕದವರಿಗೆ ಆ ಹೆಸರು ಹೇಳದೆ ಇಲ್ಲಿಂದ ಏಳಬೇಡಿ.