ಇಲಿ ಬಿಲದ ನಕ್ಷೆ

ನಗಿ ಅತ್ತಿಗೆ, ನಗಿ. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಗಾದೆ. ನಿಮ್ಮ ಮೈದುನ ಮೂವತ್ತು ವರ್ಷ ಹಾಳೂರುಗಳನ್ನು ಅಗೆಸಿದ, ಇಲಿ ಕೂಡ ಸಿಗಲಿಲ್ಲ. ಅದರ ಬಿಲ ಸಿಕ್ಕಿತು. ಅದನ್ನೇ ಇತಿಹಾಸ ಅಂದುಕೊಂಡ.

ಚಹಾ ಬೇಡ... ಆಯ್ತು, ಅರ್ಧ ಲೋಟ.

ಏನಾಯ್ತು ಅಂದರೆ, ಹೊಸ ತಂಡವೊಂದು ನನ್ನ ಹಳೇ ಗುಂಡಿಯನ್ನು ಮತ್ತೆ ತೆರೀತಿದೆ. ಅದರ ಮುಖ್ಯಸ್ಥೆ, ನನ್ನ ಪುಸ್ತಕ ಓದಿಯೇ ಈ ಕೆಲಸಕ್ಕೆ ಬಂದವಳಂತೆ, ಪಾಪ, ಕಾಗದ ಬರೆದಿದ್ದಾಳೆ. ಅಣ್ಣ ಗುಂಡಿಯಲ್ಲೇ ಕೂತು ಪೆನ್ಸಿಲಿನಲ್ಲಿ ಬರೆದ ಮೂಲ ನಕ್ಷೆ ಬೇಕಂತೆ. ನಾಳೆ ನಿಮ್ಮನ್ನೇ ಕೇಳೋಕೆ ಬರ್ತಾಳೆ. ನಾನು ಒಂದು ದಿನ ಮುಂಚೆ... ಹೌದು, ಅದಕ್ಕೇ ಬಂದೆ. ಅಣ್ಣ ಹೋಗಿ ಮೂರು ತಿಂಗಳಾದರೂ ಈ ಕಡೆ ತಲೆ ಹಾಕದವನು ಸುಮ್ಮನೆ ಬರ್ತೀನಾ? ಅದು ಅವಳ ಕೈಗೆ ಸಿಕ್ಕರೆ ನನ್ನ ಹೆಸರು ಮಣ್ಣುಪಾಲು. ಮಣ್ಣಲ್ಲೇ ಸಂಪಾದಿಸಿದ್ದು, ಅಲ್ಲಿಗೇ ಹೋಗಲಿ ಅಂತೀರಾ?

ಆ ಕಾಸು ಸಿಕ್ಕ ಗುಂಡಿ ಅತ್ತಿಗೆ. ಎಲ್ಲಕ್ಕಿಂತ ಕೆಳಗಿನ ನೆಲದ ಮೇಲೆ ಒಂದು ತಾಮ್ರದ ಕಾಸು. ಕೆಳಗಿರೋದು ಹಳೇದು, ನಮ್ಮ ಕಸುಬಿನ ಅ ಆ ಇ ಈ ಇಷ್ಟೇ. ಕಾಸು ಅನ್ನೋದೇ ಇನ್ನೂ ಹುಟ್ಟದ ಕಾಲದಲ್ಲಿ ಆ ಹಾಳೂರಿನ ಪೇಟೆಯಲ್ಲಿ ಕಾಸು ಓಡಾಡ್ತಿತ್ತು ಅಂತ ಪುಸ್ತಕ ಬರೆದೆ. ಕಂಡ ಕಂಡ ಸಭೆಯಲ್ಲಿ ಭಾಷಣ ಮಾಡಿದೆ. ಕಾಸಿನ ಪಕ್ಕ ಫೋಟೋ ತೆಗೆಸಿಕೊಂಡೆ, ನಾನೇ ಹೆತ್ತವನ ಹಾಗೆ.

ಅಣ್ಣ ಅವತ್ತೇ ಹೇಳಿದ. ಅಗೆಸೋದು ನಾನು, ನಕ್ಷೆ ಬರೆಯೋದು ಅವನು. ಗುಂಡಿಯ ಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಓರೆಯಾಗಿ ಸಡಿಲ ಮಣ್ಣಿನ ಪಟ್ಟಿ, ಮೂರು ಬೆರಳಗಲ. ಅದನ್ನು ಚುಕ್ಕಿ ಚುಕ್ಕಿಯಾಗಿ ಬರೆದು ತೋರಿಸಿ, "ಇಲಿ ಬಿಲ ಕಣೋ. ಕಾಸು ಮೇಲಿನ ಪದರದಿಂದ ಜಾರಿದೆ" ಅಂದ. ಅಳಿಸು ಅಂದೆ. ಅಳಿಸಲಿಲ್ಲ. ಅಚ್ಚಿಗೆ ಹೋದದ್ದು ನಾನು ಬೇರೆ ಬರೆದದ್ದು, ಬಿಲ ಇಲ್ಲದ್ದು.

ಆಮೇಲೆ ಅವನ ಕಣ್ಣು ಮಂಜಾಯ್ತಲ್ಲ, ಕಚೇರಿಯವರು ಗೋದಾಮಿಗೆ ಹಾಕಿದರು, ಮಡಕೆ ಚೂರಿಗೆ ನಂಬರು ಬರೆಯೋಕೆ. ನನಗೂ ಅದಕ್ಕೂ... ಯಾಕೆ ಹಾಗೆ ನೋಡ್ತೀರಿ? ನಾನು ಆಗ ಊರಲ್ಲೇ ಇರಲಿಲ್ಲ.

ಓ... ಆ ನಕ್ಷೆ ಇದೇನಾ? ಇಷ್ಟು ಜೋಪಾನವಾಗಿ ಸುತ್ತಿಟ್ಟು... ಕೊಡಿ. ಕನ್ನಡಕ ಮರೆತು ಬಂದಿದ್ದೀನಿ ನೋಡಿ, ಭೂಮಿಯೊಳಗಿನದನ್ನು ಕಂಡವನು. ಇದು ಅಣ್ಣನ ಕನ್ನಡಕಾನಾ? ಆಗಲಿ, ಕೊಡಿ.

ಕಾಣ್ತಿಲ್ಲವಲ್ಲ. ಹತ್ತಿರ ಹಿಡಿದರೂ ಅಷ್ಟೇ, ದೂರ ಹಿಡಿದರೂ ಅಷ್ಟೇ. ಅತ್ತಿಗೆ... ಇದರಲ್ಲಿ ಪವರೇ ಇಲ್ಲ. ಬರೀ ಗಾಜು. ಇದನ್ನು ಹಾಕಿಕೊಂಡೇ ಅವನು ದಿನಾ ಕಚೇರಿಗೆ... ಯಾಕೆ?

ಬೈಯಿರಿ ಬೇಕಾದರೆ.

ನಾನೇ. ಸಾಹೇಬರ ಮುಂದೆ ನಿಂತು, ನಮ್ಮಣ್ಣನಿಗೆ ಕಣ್ಣು ಕಾಣಲ್ಲ, ಇಲ್ಲದ ಗೆರೆ ಬರೀತಾನೆ ಅಂತ ಹೇಳಿದ್ದು ನಾನೇ. ತಮ್ಮ ಸುಳ್ಳುಗಾರ ಆಗಬಾರದು ಅಂತ ಇವನು ಕಣ್ಣು ಕಾಣದವನ ಹಾಗೆ...

ಹದಿನೇಳು ವರ್ಷ ಅತ್ತಿಗೆ. ದಿನಾ ಬೆಳಿಗ್ಗೆ ಈ ಗಾಜನ್ನು ನೀವೇ ಒರೆಸಿ ಕೊಟ್ಟಿರಬೇಕು.